ಇಪ್ಪತ್ತಮೂರನೆಯ ಹಿತ್ತಾಳೆ ಸೌಟು

ಸ್ಟೋಕ್ ಮಾರ್ವುಡ್, ಡಾರ್ಸೆಟ್
೨೦ ಸೆಪ್ಟೆಂಬರ್ ೧೯೯೮, ಭಾನುವಾರ

ಪ್ರೀತಿಯ ಅಮ್ಮಾ,

ನಿನ್ನ ಮಂಡಿ ಈಗ ಹೇಗಿದೆ? ಭೂಮಿಯ ಆ ತುದಿಯ ಹೋಬಾರ್ಟ್‌ನ ಏರು ರಸ್ತೆಯಲ್ಲಿ ಅಕ್ಕನ ಅವಳಿ ಮಕ್ಕಳ ಗಾಡಿ ತಳ್ಳಿಕೊಂಡು ಹೋಗುವುದನ್ನು ನಿಲ್ಲಿಸಿದ್ದೀಯ ತಾನೆ? ನಿಲ್ಲಿಸಿದ್ದೇನೆ ಎಂದು ನೀನು ಬರೆಯುತ್ತೀಯ, ಇಲ್ಲ ಎಂದು ಅಕ್ಕ ಬರೆಯುತ್ತಾಳೆ. ನಾನು ಅಕ್ಕನನ್ನೇ ನಂಬುತ್ತೇನೆ. ಓರ್ಲಾಗೆ ಎರಡು ಹಲ್ಲು ಬಂದು ಫರ್ಗಸ್‌ಗೆ ಒಂದೂ ಬರಲಿಲ್ಲವೆಂದು ಚಿಂತೆ ಮಾಡಬೇಡಿ. ನನಗೂ ತಡವಾಗಿಯೇ ಬಂದವೆಂದು ನೀನೇ ಹೇಳುತ್ತಿದ್ದೆ, ಈಗ ನೋಡು, ವರ್ಷಕ್ಕೆ ಎರಡು ಸಾವಿರ ಪದಾರ್ಥ ಅಗಿಯುತ್ತಿದ್ದೇನೆ. ಇಲ್ಲಿ ನಾನು ಚೆನ್ನಾಗಿದ್ದೇನೆ. ಹಿತ್ತಲಿನ ಸೇಬು ಕೊಂಬೆ ಬಾಗುವಷ್ಟು ಹಿಡಿದಿದೆ. ನಿನ್ನ ಡೇಲಿಯಾ ಗಿಡಗಳನ್ನು ಬಸವನಹುಳುವಿಗೆ ಕೊಡದೆ ಕಾಪಾಡಿದ್ದೇನೆ, ಅಂದರೆ ಅರ್ಧ ಗಿಡಗಳನ್ನು ಕಾಪಾಡಿದ್ದೇನೆ. ಅಪ್ಪನ ಆರೋಗ್ಯದ ವಿಷಯಕ್ಕೆ ಕೊಂಚ ತಾಳು, ಅದನ್ನೇ ಹೇಳುವುದಕ್ಕೆ ಕೂತಿದ್ದೇನೆ.

ಜುಲೈ ತಿಂಗಳ ಕಾಗದದಲ್ಲಿ ನೀನು ಬೈದಿದ್ದೆಯಲ್ಲ, ನಿನ್ನ ಪತ್ರಗಳು ರೇಡಿಯೋದ ಹವಾಮಾನ ವರದಿಯ ಹಾಗಿವೆ ಎಂದು? ಅದು ನಿಜ. ಮಳೆ, ಬಿಸಿಲು, ಡೇಲಿಯಾ ಬಿಟ್ಟು ಬೇರೇನೂ ಬರೆಯದ ಹಾಗೆ ನನ್ನ ಕೈ ಕಟ್ಟಿಹಾಕಿದಂತಾಗಿತ್ತು. ಏಪ್ರಿಲ್‌ನಲ್ಲಿ ಅಪ್ಪನಿಗೆ ಒಂದು ಮಾತು ಕೊಟ್ಟಿದ್ದೆ. ನಿನ್ನೆ ಬೆಳಿಗ್ಗೆ ಅಪ್ಪನೇ ಬಂದು, ಕಿಟಕಿಯ ಹೊರಗೆ ನೋಡುತ್ತ, "ಇನ್ನು ನಿಮ್ಮಮ್ಮನಿಗೆ ಎಲ್ಲಾ ಬರಿ. ನನ್ನ ಪರ ವಹಿಸಿ ಮಾತ್ರ ಬರೀಬೇಡ" ಎಂದ. ಆದ್ದರಿಂದ ಇದೋ, ಅಮ್ಮಾ, ಮೊದಲಿನಿಂದ ಬರೆಯುತ್ತೇನೆ. ಒಂದು ಕಪ್ ಚಹಾ ಮಾಡಿಕೊಂಡು ಓದಲು ಕೂತುಕೋ.

ನೀನು ಜನವರಿಯಲ್ಲಿ ಹೊರಟ ದಿನ ಅಡುಗೆಮನೆಯಲ್ಲಿ ಆಡಿದ ಮಾತು ನಮ್ಮ ಮೂವರಿಗೇ ಗೊತ್ತು. ಊರಿನವರಿಗೆಲ್ಲ ನೀನು ಅಕ್ಕನ ಬಾಣಂತನಕ್ಕೆ ಹೋದವಳು. ಬಾಣಂತನ ನಾಲ್ಕು ತಿಂಗಳಿಗೆ ಮುಗಿಯಿತು, ನೀನು ಬರಲಿಲ್ಲ, ಅಂಚೆ ಕಚೇರಿಯ ಮಿಸೆಸ್ ಟಿಜಾರ್ಡ್ ಪ್ರತಿ ವಾರವೂ "ಅಮ್ಮ ಯಾವಾಗ ಬರ್ತಾರಮ್ಮಾ?" ಎಂದು ಕೇಳುತ್ತಲೇ ಇದ್ದಾಳೆ. "ಹದಿನಾರು ವರ್ಷದಿಂದ ಹೆಟ್ಟಿ ಡಬ್ಬಿ ಬಿಚ್ತಾ, ಚೀಟಿ ಬರೀತಾ, ನಿನ್ನ ಪಕ್ಕದಲ್ಲೇ ರುಚಿ ನೋಡ್ತಾ ಇದಾಳೆ. ಒಂದು ದಿನವಾದ್ರೂ ಗಿಲ್ಡಿನ ಅಧ್ಯಕ್ಷರ ಕುರ್ಚೀಲಿ ಕೂರಿಸಿದ್ದೀಯಾ, ಆಂಬ್ರೋಸ್?" ಎಂದು ನೀನು ನನ್ನ ಪರವಾಗಿ ಅಪ್ಪನನ್ನು ಕೇಳಿದ್ದೆ. ಅಪ್ಪ ತಲೆ ಎತ್ತದೆ "ಅವಳ ನಾಲಿಗೆ ಇನ್ನೂ ಎಳಸು" ಎಂದ. "ಎಳಸಲ್ಲ, ನೀನು ಬೆಳೆಯೋಕೆ ಬಿಟ್ಟಿಲ್ಲ" ಎಂದು ನೀನು ಸೂಟ್‌ಕೇಸಿನ ಪಟ್ಟಿ ಬಿಗಿದೆ. ಆ ಹೊತ್ತಿಗೆ ನಾನು ಬಾಗಿಲ ಹಿಂದೆ ನಿಂತು, ನನಗೆ ಮೂವತ್ತೆಂಟು ವರ್ಷ ಎನ್ನುವುದನ್ನೇ ಮರೆತು, ಶಾಲೆಯ ಹುಡುಗಿಯ ಹಾಗೆ ಕಣ್ಣೊರೆಸಿಕೊಳ್ಳುತ್ತಿದ್ದೆ. ನಿನಗಾಗಿ ಅತ್ತೆನೋ, ಅಪ್ಪ ಹೇಳಿದ್ದು ನಿಜವಿರಬಹುದೆಂದು ಅತ್ತೆನೋ, ಇವತ್ತಿಗೂ ಗೊತ್ತಿಲ್ಲ.

ಫೆಬ್ರವರಿಯಲ್ಲಿ ಅಪ್ಪನಿಗೆ ಫ್ಲೂ ಬಂದಿದ್ದನ್ನು ಬರೆದಿದ್ದೆ. ಹತ್ತು ದಿನ ಮಲಗಿ ಎದ್ದ, ಎಂದೂ ಬರೆದಿದ್ದೆ. ಬರೆಯದೆ ಬಿಟ್ಟದ್ದು ಏನೆಂದರೆ, ಎದ್ದವನಿಗೆ ವಾಸನೆ ಎನ್ನುವುದು ಪೂರ್ತಿ ಹೋಗಿತ್ತು. ನನಗೆ ಅದು ಗೊತ್ತಾದದ್ದು ಏಪ್ರಿಲ್‌ನಲ್ಲಿ, ಹೊಗೆಯಲ್ಲಿ ಒಣಗಿಸಿದ ಒಂದು ಪೊಟ್ಟಣ ಮೀನಿನ ದೆಸೆಯಿಂದ. ಉತ್ತರದ ಒಬ್ಬ ತಯಾರಕರು ನಮ್ಮ ಹಿತ್ತಾಳೆ ಸೌಟಿನ ಪ್ರಶಸ್ತಿಗೆಂದು ಕಳಿಸಿದ್ದ ಪೊಟ್ಟಣ ಅಪ್ಪನ ಕಾರಿನ ಡಿಕ್ಕಿಯಲ್ಲೇ ಉಳಿದುಹೋಗಿತ್ತು. ಆರು ದಿನ. ಏಳನೆಯ ದಿನ ನಾನು ಯೋವಿಲ್‌ಗೆ ಹೋಗಬೇಕೆಂದು ಕಾರಿನ ಬಾಗಿಲು ತೆಗೆದವಳು ಎರಡು ಹೆಜ್ಜೆ ಹಿಂದಕ್ಕೆ ಹಾರಿದೆ. ಅಪ್ಪ ಕಿಟಕಿಯ ಗಾಜು ಏರಿಸಿಕೊಂಡು, ಸ್ಟಿಯರಿಂಗ್ ಮೇಲೆ ಬೆರಳು ತಟ್ಟುತ್ತ, ಹಾಡು ಗುನುಗುತ್ತ ಕೂತಿದ್ದಾನೆ! "ಕಾರು ಹತ್ತು, ಹೊತ್ತಾಯ್ತು" ಎನ್ನುತ್ತಾನೆ. ನಾನು ಅವನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ನಾನು ಮೂಗು ಹಿಡಿದುಕೊಂಡಿರುವುದು ಕಂಡ ಮೇಲೆ ಅವನ ಗುನುಗು ನಿಂತಿತು.

ಆಮೇಲೆ ಎಲ್ಲ ಹೇಳಿದ. ಉಪ್ಪು, ಹುಳಿ, ಸಿಹಿ, ಕಹಿ ಗೊತ್ತಾಗುತ್ತವಂತೆ, ಅಷ್ಟೇ. ಉಳಿದದ್ದೆಲ್ಲ ಬಾಯಲ್ಲಿ ಒದ್ದೆ ರಟ್ಟು ಇಟ್ಟ ಹಾಗೆ. ಡಾಕ್ಟರು, ವಾಸನೆ ಮತ್ತೆ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರಂತೆ. ಇಪ್ಪತ್ತೆರಡು ವರ್ಷ ನಮ್ಮ ರುಚಿಗಾರರ ಗಿಲ್ಡಿನ ಅಧ್ಯಕ್ಷನಾಗಿ ಈ ದೇಶದ ಪುಟ್ಟ ಪುಟ್ಟ ತಯಾರಕರ ಚೀಸು, ಜಾಮು, ಬ್ರೆಡ್ಡು, ಉಪ್ಪಿನಕಾಯಿಗಳನ್ನೆಲ್ಲ ಹೆಸರು ಮುಚ್ಚಿ ರುಚಿ ನೋಡಿ, ಇಂಥದ್ದು ಉತ್ತಮ ಎಂದು ಎದೆ ತಟ್ಟಿ ಹೇಳಿದ ಮನುಷ್ಯ ಆ ನಾರುವ ಕಾರಿನಲ್ಲೇ ಕೂತಿದ್ದ. ನಾನು ಮೊದಲು ಹೇಳಿದ ಮಾತು, "ಅಮ್ಮನಿಗೆ ಫೋನ್ ಮಾಡೋಣ." ಅವನು ತಕ್ಷಣ, "ಬೇಡ. ಕೇಳಿದ್ರೆ ಕನಿಕರಪಟ್ಟು ಓಡಿ ಬರ್ತಾಳೆ. ಕನಿಕರಕ್ಕೆ ಬರೋದು ಬೇಡ ಹೆಟ್ಟಿ. ಅವಳು ಹೋಗಿದ್ದು ಸರಿಯಾದ ಸಿಟ್ಟಲ್ಲಿ" ಎಂದ. ಆ ಕೊನೆಯ ಮಾತು ಕೇಳಿಯೇ ನಾನು ಸುಮ್ಮನಿರಲು ಒಪ್ಪಿದ್ದು. ನೀವಿಬ್ಬರೂ ಪ್ರತಿ ಭಾನುವಾರ ಫೋನಿನಲ್ಲಿ ಬಾಯ್ಲರ್ ರಿಪೇರಿಯ ಬಗ್ಗೆ ಮೂರು ನಿಮಿಷ ಮಾತಾಡಿ ಇಡುತ್ತಿದ್ದಾಗ ನಾನು ಮಹಡಿ ಮೆಟ್ಟಿಲ ಮೇಲೆ ಕೂತು ಹಲ್ಲು ಕಚ್ಚುತ್ತಿದ್ದೆ.

ಇನ್ನು ನಾನು ಮಾಡಿದ ತಪ್ಪು. ಇದನ್ನು ಬರೆಯದಿದ್ದರೆ ಕಾಗದ ಪೂರ್ತಿಯಾಗುವುದಿಲ್ಲ. ಮೇ ತಿಂಗಳಲ್ಲಿ ಮೊದಲ ಸುತ್ತು ಶುರುವಾಯಿತು. ಚರ್ಚಿನ ಹಳೆಯ ಭಾನುವಾರದ ಶಾಲೆಯ ಹಜಾರದಲ್ಲಿ ಎಂದಿನಂತೆ ಮೇಜು ಹಾಕಿದೆವು, ತಟ್ಟೆಗಳಿಗೆ ನಂಬರ್ ಅಂಟಿಸಿದೆವು, ಬಾಯಿ ತೊಳೆಯಲು ನೀರು, ಸೇಬಿನ ಹೋಳು. ಅಪ್ಪನ ಪಕ್ಕ ನಾನು. ನನಗೆ ಒಂದು ಪದಾರ್ಥ ಹಿಡಿಸಿದರೆ ಮೇಜಿನ ಕೆಳಗೆ ಅವನ ಬೂಟಿನ ಮೇಲೆ ಕಾಲಿನ ಹೆಬ್ಬೆರಳಿನಿಂದ ಒತ್ತುತ್ತಿದ್ದೆ. ಎಷ್ಟು ಸಲ ಒತ್ತಿದರೆ ಅಷ್ಟು ಅಂಕ. ಯಾರು ಯಾರಿಗೆ ಮೊದಲು ಹೇಳಿದೆವೋ ಜ್ಞಾಪಕವಿಲ್ಲ, ಒಂದು ದಿನದ ಮಟ್ಟಿಗೆ ಎಂದುಕೊಂಡದ್ದು ವಾರವಾಯಿತು, ತಿಂಗಳಾಯಿತು. ಅಪ್ಪ ನನ್ನ ಅಂಕಕ್ಕೆ ತನ್ನ ಗತ್ತಿನ ಮಾತು ಪೋಣಿಸಿ ಹೇಳುತ್ತಿದ್ದ: ಹುಲ್ಲುಗಾವಲಿನ ಗಾಳಿ ಇದೆ, ಓಕ್ ಮರದ ನೆರಳಿದೆ, ಹೀಗೆಲ್ಲ. ಜನ ತಲೆದೂಗುತ್ತಿದ್ದರು. ತೀರ್ಪುಗಾರರ ಪೈಕಿ ಲೀಡ್ಸ್‌ನ ಚೀಸ್ ಅಂಗಡಿಯ ಡೋರಿನ್ ಆಕ್ರಾಯ್ಡ್ ಒಬ್ಬಳೇ ಕನ್ನಡಕದ ಮೇಲಿಂದ ನೋಡಿ, "ಏನಯ್ಯಾ ಆಂಬ್ರೋಸ್, ಈ ವರ್ಷ ಎಲ್ಲರ ಕೊನೇಲಿ ಬಾಯಿ ಬಿಡ್ತೀಯ. ಮೊದಲೆಲ್ಲ ನಿನ್ನ ಬಾಯಿ ಮುಚ್ಚಿಸೋದೇ ಕಷ್ಟವಿತ್ತು" ಎಂದಳು. ಅವಳನ್ನು ನೀನು ಬಲ್ಲೆ, ಅವಳ ಕಣ್ಣಿಗೆ ಬೀಳದ್ದು ಯಾವುದೂ ಇಲ್ಲ.

ಜೂನ್ ಒಂಬತ್ತರಂದು ಪೆಟ್ಟು ಬಿತ್ತು. ಆ ದಿನ ನಾನು ಫೋನಿಗೆಂದು ಎದ್ದು ಹೋಗಿದ್ದೆ. ಆಗಲೇ ಮೇಜಿಗೆ ೧೧೩೭ನೆಯ ನಂಬರಿನ ತಟ್ಟೆ ಬಂತು: ಒಂದು ಉಂಡೆ ಬೆಣ್ಣೆ, ಪಕ್ಕದಲ್ಲಿ ಬ್ರೆಡ್ಡಿನ ತುಂಡು. ಕಾಲಿನ ಸಂಕೇತ ಇಲ್ಲದೆ ಅಪ್ಪ ಕತ್ತಲಲ್ಲಿ ತಡಕಾಡಿದ. ಬೆಣ್ಣೆಯಲ್ಲಿ ಏನಿರುತ್ತದೆ ಎಂದುಕೊಂಡನೋ, ಜೋಪಾನದ ಆಟ ಆಡಿದನೋ, "ಸಪ್ಪೆ" ಎಂದು ಬರೆದು ಅಂಕ ಕತ್ತರಿಸಿದ. ಅಧ್ಯಕ್ಷರ ಅಂಕ ಎಂದ ಮೇಲೆ ಉಳಿದಿಬ್ಬರೂ ತಮ್ಮದನ್ನು ಇಳಿಸಿದರು. ಬೆಣ್ಣೆ ಬಿದ್ದುಹೋಯಿತು. ನಾನು ವಾಪಸ್ಸು ಬರುವಾಗ ತಟ್ಟೆ ತೊಳೆಯುವ ಕಡೆ ಹೋಗುತ್ತಿತ್ತು. ಬೆಳಿಗ್ಗೆಯಿಂದ ಹಸಿದಿದ್ದೆ, ಆ ಬ್ರೆಡ್ಡನ್ನು ಬೆಣ್ಣೆಗೆ ಒತ್ತಿ ಬಾಯಿಗೆ ಹಾಕಿಕೊಂಡೆ.

ಅಮ್ಮಾ, ಅದನ್ನು ನಿನಗೆ ಹೇಗೆ ಹೇಳಲಿ? ಮೊದಲು ಉಪ್ಪಿನ ಹರಳು ಹಲ್ಲಿಗೆ ಸಿಕ್ಕಿತು. ಆಮೇಲೆ ತಣ್ಣಗೆ ಕರಗುತ್ತ, ಹಿಂದಿನಿಂದ ಸಣ್ಣಗೆ ಹುಳಿ ಬಂತು, ಹೊಸ ಮೊಸರಿನ ಹುಳಿ. ಆಮೇಲೆ ಬಾದಾಮಿಯಂಥ ಹಸಿ ಹ್ಯಾಝೆಲ್ ಬೀಜದ ಕಂಪು. ನುಂಗಿದ ಮೇಲೂ ಅದು ಹೋಗಲೇ ಇಲ್ಲ, ಬಾಯಲ್ಲಿ ನಿಧಾನವಾಗಿ ಓಡಾಡುತ್ತಿತ್ತು. ನಾನು ಪಾತ್ರೆ ತೊಳೆಯುವ ಬಾನಿಯ ಪಕ್ಕ ನಿಂತು ಇನ್ನೊಂದು ತುಂಡಿಗೆ ಕೈ ಚಾಚಿದೆ. ಮೂರನೆಯದಕ್ಕೂ ಚಾಚಿದೆ. ಯಾರೋ ಎಲ್ಲೋ ಒಬ್ಬರು ಇದನ್ನು ಇಷ್ಟು ಶ್ರದ್ಧೆಯಿಂದ ಕಡೆದಿದ್ದಾರೆ, ನಾವು ಸಪ್ಪೆ ಎಂದು ಬರೆದು ತೊಳೆಯಲು ಕಳಿಸುತ್ತಿದ್ದೇವೆ. ನನ್ನ ಕಾಲಿನ ಹೆಬ್ಬೆರಳಿನ ಬಗ್ಗೆ ಆವತ್ತು ಹುಟ್ಟಿದಷ್ಟು ಅಸಹ್ಯ ನನಗೆ ಯಾವತ್ತೂ ಹುಟ್ಟಿರಲಿಲ್ಲ.

ನಿಯಮದ ಪುಸ್ತಕ ನೀನೇ ಬರೆದದ್ದು, ನಿನಗೆ ಗೊತ್ತಿದೆ: ಬಿದ್ದ ಪದಾರ್ಥವನ್ನು ಅದೇ ದಿನ ಯಾವುದೇ ತೀರ್ಪುಗಾರ ಸಹಿ ಹಾಕಿ ಮರಳಿ ಕರೆಸಬಹುದು. ಇಪ್ಪತ್ತೆರಡು ವರ್ಷದಲ್ಲಿ ಅಧ್ಯಕ್ಷರ ಅಂಕದ ಮೇಲೆ ಯಾರೂ ಆ ಚೀಟಿ ಬರೆದದ್ದಿಲ್ಲ. ಮೊದಲ ಸುತ್ತಿನ ತೀರ್ಪುಗಾರಳಾಗಿ ನಾನು ಬರೆದೆ. ಹಜಾರದ ನಡುವೆ ನಡೆದುಹೋಗಿ ಅಪ್ಪನ ಮುಂದೆಯೇ ಇಟ್ಟೆ. ಅವನು ಓದಿದ, ಕನ್ನಡಕ ತೆಗೆದ, ಒರೆಸಿದ, ಮತ್ತೆ ಓದಿದ. ಆವತ್ತಿನಿಂದ ನಾನು ಕಾಲು ಒತ್ತುವುದನ್ನು ನಿಲ್ಲಿಸಿದೆ, ಅವನು ಮೊದಲ ಸುತ್ತಿನ ಮೇಜುಗಳಿಗೆ ಬರುವುದನ್ನು ನಿಲ್ಲಿಸಿದ. ಬೆನ್ನುನೋವು ಎಂದು ಎಲ್ಲರಿಗೂ ಹೇಳಿದೆವು. ಬೆಣ್ಣೆ ಬೇರೆ ಮೇಜಿಗೆ ಹೋಗಿ, ಅಲ್ಲಿಂದ ಮೇಲಿನ ಸುತ್ತಿಗೆ ಹೋಗಿ, ಕೊನೆಯ ಹದಿನಾಲ್ಕರಲ್ಲಿ ಬಂದು ಕೂತಿತು.

ಆಗಸ್ಟ್ ಮೊದಲ ವಾರ ಲಕೋಟೆ ಹುಡುಕುತ್ತ ಅಪ್ಪನ ಡ್ರಾಯರ್ ತೆಗೆದಾಗ ಒಂದು ಕರಾರುಪತ್ರ ಸಿಕ್ಕಿತು. ಲಂಡನ್ನಿನ ಒಂದು ವಸ್ತುಪ್ರದರ್ಶನದ ಕಂಪನಿಗೆ ನಮ್ಮ ಗಿಲ್ಡನ್ನೂ ಹಿತ್ತಾಳೆ ಸೌಟಿನ ಪ್ರಶಸ್ತಿಯನ್ನೂ ಹೆಸರು ಸಮೇತ ಬರೆದುಕೊಡುವ ಪತ್ರ. ಸಹಿಯೊಂದು ಬಾಕಿ. ನಾನು ಅದನ್ನು ಹಿಡಿದುಕೊಂಡು ಹೋದಾಗ ಅಪ್ಪ ಹಿತ್ತಲಲ್ಲಿ ಬೀನ್ಸ್ ಬಿಡಿಸುತ್ತಿದ್ದ. "ನಾಲಿಗೆ ಇಲ್ಲದವನಿಗೆ ಗಿಲ್ಡ್ ಯಾಕೆ ಹೇಳು" ಎಂದ. "ನಾಲಿಗೆ ನನಗಿದೆ" ಎಂದೆ ನಾನು. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಆ ಮಾತು ನನ್ನ ಬಾಯಿಂದ ಬಂತು ಅಮ್ಮಾ, ಬಂದ ಮೇಲೆ ನನಗೇ ಭಯವಾಯಿತು. ಅಪ್ಪ ಬುಟ್ಟಿಯತ್ತ ನೋಡುತ್ತ ಬೀನ್ಸ್ ಬಿಡಿಸಿದ.

ಕೊನೆಯ ಸುತ್ತು ಆಗಸ್ಟ್ ಹತ್ತೊಂಬತ್ತಕ್ಕೆ. ಎಂಟು ಜನ ತೀರ್ಪುಗಾರರು, ಅಧ್ಯಕ್ಷರ ಕುರ್ಚಿಯಲ್ಲಿ ಅಪ್ಪ, ಚೀಟಿ ಬರೆಯಲು ನಾನು. ಆ ಕಂಪನಿಯ ಟಾಲ್‌ಮ್ಯಾಶ್ ಎಂಬಾತ 'ನೋಡುವುದಕ್ಕೆ' ಎಂದು ಬಂದು, ತೆಳುನೀಲಿ ಅಂಗಿಯಲ್ಲಿ ಗೋಡೆಗೆ ಒರಗಿ ನಿಂತಿದ್ದ. ಜೇಬಿನಲ್ಲಿ ಪೆನ್ನು ಹೊಳೆಯುತ್ತಿತ್ತು. ಮಧ್ಯಾಹ್ನ ಮೂರು ಗಂಟೆಗೆ ಹದಿನಾಲ್ಕು ತಟ್ಟೆ ಎರಡಕ್ಕೆ ಇಳಿಯಿತು: ಹದಿನೆಂಟು ತಿಂಗಳು ಒಣಗಿಸಿದ ಹಂದಿತೊಡೆಯ ಒಂದು ಹ್ಯಾಮ್, ಮತ್ತು ಅದೇ ಬೆಣ್ಣೆ. ಹ್ಯಾಮ್ ಕೂಡ ಅದ್ಭುತ, ಸುಳ್ಳು ಹೇಳಲಾರೆ. ಕೈ ಎತ್ತಿಸಿದಾಗ ನಾಲ್ಕು ಅತ್ತ, ನಾಲ್ಕು ಇತ್ತ. ಇನ್ನು ಅಧ್ಯಕ್ಷರ ಮತವೇ ಮತ. ಎಲ್ಲರೂ ಅಪ್ಪನ ಕಡೆ ತಿರುಗಿದರು. ನಾನು ನನ್ನ ಕಾಲುಗಳನ್ನು ಕುರ್ಚಿಯ ಕೆಳಗೆ ಒಂದಕ್ಕೊಂದು ಸುತ್ತಿ ಬಿಗಿಹಿಡಿದೆ.

ಅಪ್ಪ ಬೆಣ್ಣೆ ತಿಂದ. ಹ್ಯಾಮ್ ತಿಂದ. ನೀರು ಕುಡಿದ. ಮತ್ತೆ ಬೆಣ್ಣೆ ತಿಂದ. ಆಮೇಲೆ ಮೇಜಿಗೆ ಎರಡೂ ಕೈ ಊರಿ ಎದ್ದು ನಿಂತ. "ಫೆಬ್ರವರಿಯಿಂದ ನನಗೆ ವಾಸನೆ ಗೊತ್ತಾಗ್ತಾ ಇಲ್ಲ. ರುಚೀನೂ ಇಲ್ಲ. ಈ ವರ್ಷ ನಾನು ಬರೆದ ಅಂಕ ಎಲ್ಲಾ ಸುಳ್ಳು. ಈ ಬೆಣ್ಣೇನ ಜೂನ್‌ನಲ್ಲಿ ಸಪ್ಪೆ ಅಂತ ಬೀಳಿಸಿದೋನು ನಾನೇ. ಈಗ್ಲೂ ಇದು ನನ್ನ ಬಾಯಲ್ಲಿ ಮೇಣದ ಹಾಗಿದೆ. ಮತ ಹಾಕೋ ಯೋಗ್ಯತೆ ನನಗಿಲ್ಲ" ಎಂದ. ಅಪ್ಪ ಅಷ್ಟಕ್ಕೇ ನಿಲ್ಲಿಸಿದ. ನನ್ನ ಹೆಸರು ಎತ್ತಲಿಲ್ಲ. ಎಲ್ಲವನ್ನೂ ಒಬ್ಬನೇ ಹೊತ್ತುಕೊಂಡು ಕೂರುತ್ತಿದ್ದ. ನನಗೆ ತಡೆಯಲಾಗಲಿಲ್ಲ. "ಮೇಜಿನ ಕೆಳಗೆ ಕಾಲು ಒತ್ತಿ ಅಂಕ ಹೇಳಿಕೊಡ್ತಾ ಇದ್ದೋಳು ನಾನು" ಎಂದು ಎದ್ದು ನಿಂತೆ. ಹೇಳಿ ಮುಗಿಸುವಷ್ಟರಲ್ಲಿ ನನ್ನ ಕಿವಿ ಕೆಂಡವಾಗಿತ್ತು.

ಮೊದಲು ಮಾತಾಡಿದವಳು ಡೋರಿನ್. "ಅವನ ಮೂಗು ಸತ್ತಿದ್ದು ನಂಗೆ ಮೇ ತಿಂಗಳಲ್ಲೇ ಗೊತ್ತಾಗಿತ್ತು ಕಣ್ರೀ. ಕೆಟ್ಟುಹೋದ ಕ್ರೀಮನ್ನ ಚಪ್ಪರಿಸಿ ತಿಂದ. ಇವನಾಗೇ ಬಾಯಿ ಬಿಡ್ಲಿ ಅಂತ ಕಾಯ್ತಾ ಇದ್ದೆ, ಇಲ್ದೇ ಇದ್ರೆ ಇವತ್ತು ನಾನೇ ಎದ್ದು ಹೇಳ್ತಿದ್ದೆ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಅಂದ್ರೆ ಇಷ್ಟು ದಿನ ಅಧ್ಯಕ್ಷಗಿರಿ ಮಾಡಿದ್ದು ನಿನ್ನ ಕಾಲಿನ ಹೆಬ್ಬೆರಳು ಅನ್ನು!" ಎಂದದ್ದೇ ತಡ, ಯಾರೋ ಫಕ್ಕನೆ ನಕ್ಕರು, ಆಮೇಲೆ ಎಲ್ಲರೂ. ಅವಳು ಮಾತ್ರ ನಗಲಿಲ್ಲ. "ತಪ್ಪು ತಪ್ಪೇ. ಆಂಬ್ರೋಸ್ ಕೂತ ಮೇಜಿನ ಅಷ್ಟೂ ಪದಾರ್ಥ ಮತ್ತೆ ರುಚಿ ನೋಡ್ಬೇಕು. ನಾನು ಲೀಡ್ಸ್‌ಗೆ ಹೋಗಲ್ಲ, ಇಲ್ಲೇ ಇರ್ತೀನಿ. ಯಾರ್ ಯಾರ್ ಇರ್ತೀರಾ?" ಎಂಟು ಜನವೂ ಉಳಿದರು. ಮೂರು ದಿನ, ಅಮ್ಮಾ, ಸ್ವಂತ ಕೆಲಸ ಬಿಟ್ಟು. ತಯಾರಕರಿಗೆಲ್ಲ ಫೋನ್ ಮಾಡಿ ಹೊಸದಾಗಿ ತರಿಸಿಕೊಂಡು ಅರವತ್ತೊಂದು ಪದಾರ್ಥಗಳನ್ನು ಮತ್ತೆ ತೂಗಿದರು. ಏಳು ಮೇಲೇರಿದವು, ಎರಡು ಇಳಿದವು, ಉಳಿದವು ಇದ್ದಲ್ಲೇ ಇದ್ದವು, ಮೊದಲೆರಡು ಸ್ಥಾನ ಮುಟ್ಟುವಂಥದ್ದು ಯಾವುದೂ ಇರಲಿಲ್ಲ.

ಆದರೆ ಅದು ಆಮೇಲಿನದು. ಆ ಮಧ್ಯಾಹ್ನ ಇನ್ನೂ ಮತ ಬಾಕಿ ಇತ್ತಲ್ಲ? ಅಪ್ಪ ಕುರ್ಚಿಯಿಂದ ಪಕ್ಕಕ್ಕೆ ಸರಿದು, "ಹೆಟ್ಟಿಯನ್ನ ಕೂರಿಸಬೇಕು ಅಂತ ನನ್ನ ಕೋರಿಕೆ. ತೀರ್ಮಾನ ನಿಮ್ಮದು" ಎಂದ. ನಾನು ಆಗುವುದಿಲ್ಲ ಎಂದೆ. ಮೋಸದಲ್ಲಿ ಪಾಲಿದ್ದವಳು ನಾನು, ಜೊತೆಗೆ ಬೆಣ್ಣೆಯನ್ನು ಮರಳಿ ಕರೆಸಿದ ಚೀಟಿಯೂ ನನ್ನದೇ. "ಅಧ್ಯಕ್ಷರೆದುರು ಆ ಚೀಟಿ ಇಟ್ಟ ಧೈರ್ಯಕ್ಕೇ ಕೂರು ಅಂತಿರೋದು" ಎಂದಳು ಡೋರಿನ್. ಎಂಟು ಕೈ ಎದ್ದವು. ಹ್ಯಾಮ್‌ಗೆ ಮತ ಹಾಕಿದ ನಾಲ್ವರ ಕೈಯೂ ಎದ್ದದ್ದನ್ನು ನಾನು ಎಣಿಸಿದೆ. ಕೂತೆ. ಕುರ್ಚಿ ಇನ್ನೂ ಬಿಸಿಯಾಗಿತ್ತು. ಅಪ್ಪ ನನ್ನ ಹಿಂದೆ ನಿಂತು ನನಗೊಬ್ಬಳಿಗೇ ಕೇಳುವ ಹಾಗೆ, "ನಾಲಿಗೆ ಏನು ಹೇಳುತ್ತೋ ಅದನ್ನ ಹೇಳು ಮಗಳೇ. ಉಳಿದದ್ದನ್ನ ನುಂಗಿಬಿಡು" ಎಂದ. ನಾನು ಮೊದಲು ಹ್ಯಾಮ್ ತಿಂದೆ, ಅದಕ್ಕೆ ಅನ್ಯಾಯವಾಗಬಾರದೆಂದು ಎರಡು ಸಲ ತಿಂದೆ. ಆಮೇಲೆ ಬೆಣ್ಣೆ. ಜೂನ್‌ನಲ್ಲಿ ಹಸಿವಿತ್ತು, ಹಸಿವಿನ ಮೋಸವಿರಬಹುದು ಎಂದು ಅಂಜಿದ್ದೆ. ಈಗ ಹೊಟ್ಟೆ ತುಂಬಿತ್ತು, ಬಾಯಿ ದಣಿದಿತ್ತು, ಆದರೂ ಆ ಬೆಣ್ಣೆ ಬಂದು ದೀಪ ಹಚ್ಚಿದ ಹಾಗೆ ಬಾಯೆಲ್ಲ ಬೆಳಗಿತು. "ಬೆಣ್ಣೆ" ಎಂದೆ.

ಗೋಡೆಗೆ ಒರಗಿದ್ದ ಟಾಲ್‌ಮ್ಯಾಶ್ ಅಪ್ಪನನ್ನು ಪಕ್ಕಕ್ಕೆ ಕರೆದು, "ಮಿಸ್ಟರ್ ಗಾಲಪ್, ಈ ಮಾತು ಈ ಕೋಣೆ ದಾಟದೆ ಇರಲಿ. ಹೊರಗೆ ಹೋದ್ರೆ ನಿಮ್ಮ ಪ್ರಶಸ್ತಿ ಯಾರಿಗೂ ಬೇಡ. ಇವತ್ತೇ ಸಹಿ ಹಾಕಿ, ನಾವು ಸರಿ ಮಾಡ್ಕೋತೀವಿ" ಎಂದ. ಅಪ್ಪ ಅವನ ಪೆನ್ನು ಅವನ ಜೇಬಿಗೇ ಸಿಕ್ಕಿಸಿ, ಅಂಗಿಯ ಮೇಲೆ ಮೆಲ್ಲಗೆ ತಟ್ಟಿ, "ಹೊರಗೆ ನಾನೇ ಹೇಳ್ತೀನಪ್ಪ. ಮಾರೋಕೆ ಅಂತ ಏನೂ ಉಳಿದಿಲ್ಲ ಇಲ್ಲಿ, ಕುರ್ಚಿ ಭರ್ತಿ ಆಯ್ತು" ಎಂದ. ಹೇಳಿದ ಹಾಗೆ ಅರವತ್ತೊಂದು ತಯಾರಕರಿಗೂ ತನ್ನ ಕೈಯಾರೆ ಕಾಗದ ಬರೆದ. ಕಾರ್ನ್‌ವಾಲ್‌ನ ಒಬ್ಬ ಜಾಮ್ ತಯಾರಕ ಇನ್ನೆಂದೂ ನಿಮ್ಮ ಹೊಸ್ತಿಲು ತುಳಿಯುವುದಿಲ್ಲ ಎಂದು ಉತ್ತರ ಬರೆದ. ಅವನ ಸಿಟ್ಟು ನ್ಯಾಯವೇ. ಉಳಿದವರಲ್ಲಿ ಹೆಚ್ಚಿನವರು ಬರೆಯಲೇ ಇಲ್ಲ, ಆದ್ದರಿಂದ ಮೊನ್ನೆ ಗುರುವಾರದ ಪ್ರಶಸ್ತಿಯ ಊಟಕ್ಕೆ ಯಾರು ಬರುತ್ತಾರೋ, ಯಾರು ಬಿಡುತ್ತಾರೋ ಎಂದು ನನಗೆ ಮೂರು ವಾರ ಅನ್ನ ಸೇರಲಿಲ್ಲ.

ಬೆಣ್ಣೆ ಯಾರದೆಂದು ಕೇಳುತ್ತೀಯಲ್ಲ? ಪಶ್ಚಿಮ ವೇಲ್ಸ್‌ನ ಗುಡ್ಡದ ಮೇಲೆ ಹನ್ನೊಂದು ಹಸು ಸಾಕಿಕೊಂಡಿರುವ ಎಲುನೆಡ್ ಪ್ರಾಸರ್ ಎಂಬ ಅರವತ್ತರ ವಿಧವೆ. ನಾನು ಫೋನ್ ಮಾಡಿದಾಗ, "ಯಾರು? ಗಿಲ್ಡಾ? ನನ್ನ ನಂಬರ್ ಹೇಗೆ ಸಿಕ್ತು? ಸ್ವಲ್ಪ ಬೇಗ ಹೇಳಮ್ಮಾ, ಕರು ಹಾಕೋ ಹಸು ಇದೆ" ಎಂದಳು. ನೀವು ಹಿತ್ತಾಳೆ ಸೌಟು ಗೆದ್ದಿದ್ದೀರಿ ಎಂದೆ. ಆಮೇಲೆ, "ನಮ್ಮತ್ತೆ ಬದುಕಿರಬೇಕಿತ್ತು. ನಲವತ್ತು ವರ್ಷ ನನ್ನ ಬೆಣ್ಣೆಗೆ ಕೊಂಕು ತೆಗೆದಳು" ಎಂದು ಬಿಕ್ಕಿ ಬಿಕ್ಕಿ ಅತ್ತಳು, ನಾನೂ ಅತ್ತೆ, ಅವಳ ಹಸು ಹಿಂದಿನಿಂದ ಕೂಗುತ್ತಿತ್ತು.

ಗುರುವಾರ ಸಂಜೆ ಆರಕ್ಕೆ ಕಾರ್ನ್ ಎಕ್ಸ್‌ಚೇಂಜ್ ಭವನದ ಬಾಗಿಲು ತೆಗೆದೆವು. ಆರೂಕಾಲಾದರೂ ಹತ್ತು ಜನ. ಅಪ್ಪ ಟೈ ಸರಿಮಾಡಿಕೊಳ್ಳುತ್ತಲೇ ಇದ್ದ. ಆರೂವರೆಗೆ ಮಾರುಕಟ್ಟೆ ಚೌಕದ ಕಡೆಯಿಂದ ಬಂದರು ನೋಡು! ವ್ಯಾನುಗಳು, ಲಾರಿಗಳು, ಒಂದು ಟ್ರ್ಯಾಕ್ಟರ್ ಕೂಡ. ಎಲುನೆಡ್ ಪಕ್ಕದ ಮನೆಯವರ ದನದ ಲಾರಿಯಲ್ಲಿ ಬಂದಳು, ಹಸಿರು ರೇಷ್ಮೆ ಉಡುಪಿಗೆ ಹುಲ್ಲು ಅಂಟಿತ್ತು. ಮುನ್ನೂರ ಹದಿನೇಳು ಜನ, ಅಮ್ಮಾ. ಕುರ್ಚಿ ಸಾಲದೆ ಪಬ್ಬಿನಿಂದ ಬೆಂಚು ಹೊರಿಸಿದೆವು. ಊಟಕ್ಕೆ ಮೊದಲು ಅಪ್ಪ ವೇದಿಕೆಗೆ ಹೋಗಿ, ಕಾಗದದಲ್ಲಿ ಬರೆದದ್ದನ್ನೇ ಬಾಯಲ್ಲಿ ಎಲ್ಲರ ಮುಂದೆ ಹೇಳಿದ. ಒಂದು ಪದ ಬಿಡಲಿಲ್ಲ, ಒಂದು ನೆಪ ಸೇರಿಸಲಿಲ್ಲ. ಹೇಳಿ ಮುಗಿಸಿ ತಲೆ ತಗ್ಗಿಸಿ ನಿಂತ. ಹಿಂದಿನ ಸಾಲಿನಲ್ಲಿ ಒಬ್ಬ ಬೇಕರಿಯವನು ಎದ್ದು ನಿಂತ, ಚಪ್ಪಾಳೆ ತಟ್ಟಿದ. ಅವನ ಪಕ್ಕದವಳು ಎದ್ದಳು. ಆಮೇಲೆ ಬೆಂಚುಗಳು ಹಿಂದಕ್ಕೆ ಸರಿದ ಸದ್ದೇ ಸದ್ದು, ಇಡೀ ಭವನ ಎದ್ದಿತ್ತು. ಅಪ್ಪನಿಗೆ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ.

ಸೌಟು ಕೊಟ್ಟವಳು ನಾನು. ಎಲುನೆಡ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಮೈಕಿನಲ್ಲೇ, "ಇದ್ರಲ್ಲಿ ಸೂಪ್ ಬಡಿಸ್ಬಹುದಾ, ಇಲ್ಲಾ ಬರೀ ಗೋಡೆಗೆ ನೇತುಹಾಕೋದಾ?" ಎಂದು ಕೇಳಿದಳು. ಬಡಿಸಬಹುದು ಎಂದೆ. "ಹಾಗಾದ್ರೆ ತಗೊಂಡೆ" ಎಂದಳು. ಊಟದ ಮೇಜುಗಳಿಗೆಲ್ಲ ಅವಳ ಬೆಣ್ಣೆ ಹಂಚಿದ್ದೆವು. ಅಷ್ಟೊಂದು ಜನ ಮಾತು ನಿಲ್ಲಿಸಿ ಬ್ರೆಡ್ಡಿಗೆ ಬೆಣ್ಣೆ ಸವರುವ ಸದ್ದು ನೀನು ಕೇಳಬೇಕಿತ್ತು. ಹ್ಯಾಮ್ ತಯಾರಕ ಎರಡನೇ ಬಹುಮಾನ ತೆಗೆದುಕೊಂಡು ಬಂದು ಅವಳ ಪಕ್ಕ ಕೂತ. ನಿನ್ನ ಬೆಣ್ಣೆ, ನನ್ನ ಹ್ಯಾಮ್, ಮಧ್ಯೆ ಬ್ರೆಡ್ಡು, ಇಷ್ಟಿದ್ದರೆ ಲೋಕಕ್ಕೆ ಇನ್ನೇನು ಬೇಕು ಎಂದು ಅವರಿಬ್ಬರೂ ತಲೆ ಸೇರಿಸಿ ಕೂತಿದ್ದರು, ಡೋರಿನ್ ನನಗೆ ಕಣ್ಣು ಮಿಟುಕಿಸಿದಳು. ಮುಂದಿನ ವರ್ಷಕ್ಕೆ ಆ ರಾತ್ರಿಯೇ ನೂರ ನಲವತ್ತು ಜನ ಹೆಸರು ಬರೆಸಿದರು. ಗಿಲ್ಡಿನ ಹೊಸ ಕಾಗದಗಳ ಮೇಲೆ ಅಧ್ಯಕ್ಷೆ, ಹೆನ್ರಿಯೆಟ್ಟಾ ಗಾಲಪ್ ಎಂದು ಅಚ್ಚಾಗಿದೆ, ಒಂದು ಹಾಳೆ ಇದರೊಳಗೆ ಇಟ್ಟಿದ್ದೇನೆ. ಬೀಗಬಾರದು ಎಂದುಕೊಂಡೇ ಇಟ್ಟಿದ್ದೇನೆ.

ಅಪ್ಪನಿಗೆ ಈಗಲೂ ವಾಸನೆ ಬಂದಿಲ್ಲ. ಆದರೆ ಊಟಕ್ಕೆ ಕೂತರೆ ಪ್ರತಿ ತುತ್ತಿಗೂ "ಹೇಗಿದೆ ಹೇಳು" ಎನ್ನುತ್ತಾನೆ, ನಾನು ಹೇಳುತ್ತೇನೆ, ಅವನು ಕಣ್ಣು ಮುಚ್ಚಿ ಕೇಳುತ್ತಾನೆ. ಇಷ್ಟು ವರ್ಷ ಅವನು ಹೇಳುತ್ತಿದ್ದ, ನಾವು ಕೇಳುತ್ತಿದ್ದೆವು. ಮೊನ್ನೆ ನಾನು ಪ್ಲಮ್ ಹಣ್ಣಿನ ಬಗ್ಗೆ ಹೇಳಿ ಮುಗಿಸಿದಾಗ, "ನಿಮ್ಮಮ್ಮ ಹೇಳಿದ್ದೇ ಸರಿ" ಎಂದಷ್ಟೇ ಹೇಳಿ ತಟ್ಟೆ ತೊಳೆಯಲು ಎದ್ದುಹೋದ.

ಅಕ್ಕನಿಗೂ ಭಾವನಿಗೂ ನನ್ನ ನೆನಪು ತಿಳಿಸು. ಓರ್ಲಾಳ ಎರಡು ಹಲ್ಲಿಗೂ ಫರ್ಗಸ್‌ನ ಬರೀ ಒಸಡಿಗೂ ಚಿಕ್ಕಮ್ಮನ ಮುತ್ತು. ಡೋರಿನ್ ನಿನಗೆ ನಮಸ್ಕಾರ ಹೇಳಿದ್ದಾಳೆ, ಅವಳ ಮಾತಲ್ಲೇ ಹೇಳುವುದಾದರೆ, "ಗೆದ್ದಿದ್ದೀಯ, ಇನ್ನು ಬಾ ಅಂತ ಹೇಳು." ನಾನು ಅಷ್ಟು ಒರಟಾಗಿ ಹೇಳಲಾರೆ. ನಿನ್ನ ಆರೋಗ್ಯ ನೋಡಿಕೋ ಅಮ್ಮಾ.

ನಿನ್ನ ಮಗಳು,
ಹೆಟ್ಟಿ

ಮ.ವಿ.: ಸೋಮವಾರ ಬೆಳಿಗ್ಗೆ. ಅಂಚೆ ಕಚೇರಿಯಲ್ಲಿ ನಿಂತು ಬರೆಯುತ್ತಿದ್ದೇನೆ, ಮಿಸೆಸ್ ಟಿಜಾರ್ಡ್ ಚೀಲ ಕಟ್ಟುತ್ತಿದ್ದಾಳೆ. ಈಗಷ್ಟೇ ಅವಳ ಬಾಯಿಂದಲೇ ಗೊತ್ತಾಯಿತು: ಅಪ್ಪ ಹೋದ ತಿಂಗಳು ಇಲ್ಲೇ ಪಾಸ್‌ಪೋರ್ಟ್ ಅರ್ಜಿ ಹಾಕಿದ್ದನಂತೆ. ಅಂದರೆ ಆ ಊಟಕ್ಕೂ ಮೊದಲೇ, ಜನ ಏನೆನ್ನುತ್ತಾರೋ ಗೊತ್ತಿಲ್ಲದಿದ್ದಾಗಲೇ! ಮನೆಗೆ ಓಡಿ ಹೋಗಿ ಅಪ್ಪನನ್ನು ಕೇಳಿ ಮತ್ತೆ ಇಲ್ಲಿಗೆ ಓಡಿಬಂದೆ. ಟಿಕೆಟ್ ತೋರಿಸಿದ. ಅಕ್ಟೋಬರ್ ಮೂರು, ಶನಿವಾರ, ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಹೋಬಾರ್ಟ್‌ನಲ್ಲಿ ಇಳಿಯುತ್ತಾನೆ. ನಿನಗೆ ಹೇಳಕೂಡದಂತೆ. ಕರೆದುಕೊಂಡು ಬರುವುದಕ್ಕಲ್ಲ, ನೋಡಿ ಬರುವುದಕ್ಕೆ ಎಂದ. ನೀನು ಬೇಡ ಎಂದರೆ ಸುಮ್ಮನೆ ವಾಪಸ್ಸು ಬರುತ್ತಾನಂತೆ. ಜನ್ಮದಲ್ಲಿ ವಿಮಾನ ಹತ್ತಿದವನಲ್ಲ, ಹೆದರಿ ಬಿ‍ಳಿಚಿಕೊಂಡಿರುತ್ತಾನೆ. ವಿಮಾನ ನಿಲ್ದಾಣಕ್ಕೆ ಅಕ್ಕನನ್ನು ಕಳಿಸಬೇಡ ಅಮ್ಮಾ. ನೀನೇ ಹೋಗು.